ಕೊಚ್ಚಿಯಲ್ಲೇ ನಿಂತ ಹಾಯಿದೋಣಿ: ಈಗಲೇ ಹೊರಡಬೇಕಾ, ಮುಂದಿನ ಜನವರಿಗೆ ಕಾಯಬೇಕಾ?

ಪ್ರಶ್ನೆ: ನಾವು ಬೆಂಗಳೂರಿನ ಮೂವರು ಗೆಳೆಯರು, ಮೂವರೂ ಸಾಫ್ಟ್‌ವೇರ್ ಕೆಲಸದವರು. ಎರಡು ವರ್ಷದ ಹಿಂದೆ ಕೊಚ್ಚಿಯಲ್ಲಿ ವಿದೇಶಿ ದಂಪತಿಯಿಂದ 36 ಅಡಿಯ ಫೈಬರ್ ಹಾಯಿದೋಣಿ ಕೊಂಡೆವು. 1980ರ ದಶಕದಲ್ಲಿ ಕಟ್ಟಿದ್ದು. ಡೀಸೆಲ್ ಟ್ಯಾಂಕ್ 180 ಲೀಟರ್. ಮಾಲ್ಡೀವ್ಸ್ ಮೇಲಾಸಿ ಸೇಶೆಲ್ಸ್‌ಗೆ ಹೋಗುವ ಆಸೆ. ಜನವರಿಯಲ್ಲಿ ಹೊರಡಬೇಕಿತ್ತು. ಮೊದಲು ಡೆಕ್ (ದೋಣಿಯ ಮೇಲಿನ ನೆಲ) ಸೋರಿತು. ಚೈನ್‌ಪ್ಲೇಟ್ (ಹಾಯಿಕಂಬದ ತಂತಿ ಕಟ್ಟುವ ಪಟ್ಟಿ) ಹತ್ತಿರ ಕಂದು ಕಲೆ ಕಂಡಿತು. ಮಾಸ್ಟ್ (ಹಾಯಿಕಂಬ) ಹಿಡಿಯುವ ತಂತಿ ಬದಲಿಸೋಣ ಅಂತ ಹೊರದೇಶದಿಂದ ತರಿಸಿದರೆ ಅದು ಕಸ್ಟಮ್ಸ್‌ನಲ್ಲಿ ಕೂತಿದೆ. ತಂಪು ನೀರಿನ ಪಂಪಿಗೆ ಹೊಸ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಯ ಚಕ್ರ) ಹಾಕಿದರೂ ಎಂಜಿನ್ ಬಿಸಿಯಾಗುತ್ತಿದೆ. ಕೆಲಸದ ಪಟ್ಟಿ ವಾರವಾರವೂ ಉದ್ದ ಆಗುತ್ತಿದೆ. ಈಗ ಮಾರ್ಚ್. ಒಬ್ಬ ಗೆಳೆಯ ಸಂಬಳ ಬಿಟ್ಟು ರಜೆ ಹಾಕಿದ್ದಾನೆ, ಮೇ ಕೊನೆಗೆ ಅದು ಮುಗಿಯುತ್ತದೆ. ‘ತಂತಿ ಬಂದ ತಕ್ಷಣ ಹಾಕಿ ಏಪ್ರಿಲ್‌ನಲ್ಲಿ ಹೊರಟುಬಿಡೋಣ, ಉಳಿದದ್ದು ಮಾಲ್ಡೀವ್ಸ್‌ನಲ್ಲಿ ಮಾಡಿಕೊಳ್ಳೋಣ’ ಅನ್ನುತ್ತಾರೆ ಇಬ್ಬರೂ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಾವು ಎಲ್ಲಿ ಎಡವುತ್ತಿದ್ದೇವೆ? ಏನು ಮಾಡೋಣ?

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಏಪ್ರಿಲ್‌ನಲ್ಲಿ ಹೊರಡಬೇಡಿ. ಮುಂದಿನ ಜನವರಿಗೆ ಇಟ್ಟುಕೊಳ್ಳಿ. ಇದನ್ನು ನಿಮ್ಮ ಗೆಳೆಯರಿಗೆ ನೇರವಾಗಿ ಓದಿ ಹೇಳಿ. ಅವರಿಗೆ ಬೇಜಾರಾಗುತ್ತೆ ಅಂತ ಗೊತ್ತು. ಆದರೆ ಮೂರು ಜೀವದ ಪ್ರಶ್ನೆ ಇದು. ಹಾಗಾಗಿ ಮುಲಾಜು ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಗಾಳಿಯ ಲೆಕ್ಕ. ಕೊಚ್ಚಿಯಿಂದ ಸೇಶೆಲ್ಸ್‌ನ ಮಾಹೆ ದ್ವೀಪಕ್ಕೆ ನೇರ ಗೆರೆ ಎಳೆದರೆ ಸುಮಾರು 1,500 ನಾಟಿಕಲ್ ಮೈಲಿ, ಅಂದರೆ 2,800 ಕಿಲೋಮೀಟರ್ ಆಸುಪಾಸು. ನಿಮ್ಮ ದೋಣಿ ಗಂಟೆಗೆ ಅಂಥ 5 ಮೈಲಿ ಹೋದರೂ 12–13 ದಿನ (ಮುಂದೆಯೂ ಮೈಲಿ ಅಂದರೆ ನಾಟಿಕಲ್ ಮೈಲಿಯೇ). ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅರಬ್ಬಿ ಸಮುದ್ರದ ಈ ಭಾಗದಲ್ಲಿ ಈಶಾನ್ಯದ ಗಾಳಿ. ನಿಮ್ಮ ದಾರಿ ನೈಋತ್ಯಕ್ಕೆ. ಗಾಳಿ ಬೆನ್ನಿಗೇ ಸಿಗುತ್ತದೆ. ಏಪ್ರಿಲ್ ಬಂತು ಅಂದರೆ ಆ ಗಾಳಿ ಸತ್ತುಹೋಗುತ್ತದೆ. ಒಂದು ದಿನ ಅಲ್ಲಿಂದ, ಒಂದು ದಿನ ಇಲ್ಲಿಂದ, ಬಹಳ ದಿನ ಎಲ್ಲಿಂದಲೂ ಇಲ್ಲ. ಮೇ ಕೊನೆಗೆ ನೈಋತ್ಯ ಮುಂಗಾರು ಶುರು, ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಮುಂಗಾರಿಗೆ ಮುಂಚಿನ ವಾರಗಳು ಚಂಡಮಾರುತದ ಕಾಲ ಕೂಡ ಹೌದು. 2021ರ ಮೇನಲ್ಲಿ ತೌಕ್ತೆ ಹುಟ್ಟಿದ್ದು ಲಕ್ಷದ್ವೀಪದ ಹತ್ತಿರವೇ, ಅಂದರೆ ನಿಮ್ಮ ದಾರಿಯ ಬಾಗಿಲಲ್ಲೇ.

ಏಪ್ರಿಲ್‌ನಲ್ಲಿ ಹೊರಟರೆ ಗಾಳಿ ಇಲ್ಲದೆ ನೀವು ಎಂಜಿನ್ ಹಾಕಲೇಬೇಕು. ಈ ಅಳತೆಯ ದೋಣಿಯ ಡೀಸೆಲ್ ಎಂಜಿನ್ ಗಂಟೆಗೆ ಎರಡೂವರೆ ಲೀಟರ್ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. 180 ಲೀಟರ್‌ಗೆ 72 ಗಂಟೆ, ಹೆಚ್ಚೆಂದರೆ 360 ಮೈಲಿ. ಉಳಿದ ಸಾವಿರ ಚಿಲ್ಲರೆ ಮೈಲಿಗೆ? ಅದೂ ಯಾವ ಎಂಜಿನ್ ನಂಬಿ? ಬಂದರಿನಲ್ಲಿ ಕಟ್ಟಿ ಹಾಕಿದಾಗಲೇ ಬಿಸಿಯಾಗುವ ಎಂಜಿನ್! ತಡವಾಗಿ ಹೊರಟವರಿಗೆ ಎಂಜಿನ್ ಜಾಸ್ತಿ ಬೇಕಾಗುತ್ತದೆ, ಮತ್ತು ಎಂಜಿನ್ ಸರಿಯಿಲ್ಲದವರೇ ತಡವಾಗಿ ಹೊರಡುತ್ತಾರೆ. ಈ ಸಿಕ್ಕನ್ನು ನಿಮ್ಮ ಗೆಳೆಯರ ಮುಂದೆ ಇಡಿ.

‘ಮಾಲ್ಡೀವ್ಸ್‌ನಲ್ಲಿ ಮಾಡಿಕೊಳ್ಳೋಣ’ ಅನ್ನುವ ಮಾತನ್ನಂತೂ ಮರೆತುಬಿಡಿ. ಹಾಯಿದೋಣಿಗಳು ಸಾಮಾನ್ಯವಾಗಿ ಮೊದಲು ಮುಟ್ಟುವುದು ಉತ್ತರ ತುದಿಯ ಉಲಿಗನ್ ದ್ವೀಪವನ್ನು. ಕೊಚ್ಚಿಯಿಂದ ಸುಮಾರು 260 ಮೈಲಿ. ಒಳ್ಳೆಯ ಜನ, ತಿಳಿನೀರು, ಪುಟ್ಟ ಊರು. ಅಲ್ಲಿ ಸ್ಟೇನ್‌ಲೆಸ್ ಪ್ಲೇಟ್ ಕೊರೆಯುವವರು, ಮಾಸ್ಟ್ ಇಳಿಸುವ ಕ್ರೇನ್ ಎಲ್ಲಿಂದ ಬರಬೇಕು? ಪೀಣ್ಯ ಇರುವುದು ನಿಮ್ಮ ಊರಿನಲ್ಲಿ. ಕೊಚ್ಚಿಗೆ ರಾತ್ರಿ ಬಸ್ ಇದೆ. ಈ ಅನುಕೂಲ ಬಿಟ್ಟು, ಏನೂ ಸಿಗದ ಕಡೆ ಹೋಗಿ ರಿಪೇರಿ ಮಾಡುತ್ತೇವೆ ಅನ್ನುವುದು ಯಾವ ನ್ಯಾಯ?

ಎಲ್ಲಿ ಎಡವುತ್ತಿದ್ದೇವೆ ಅಂತ ಕೇಳಿದ್ದೀರಿ. ಕೆಲಸದಲ್ಲಿ ನೀವು ಎಡವಿಲ್ಲ. ಪಟ್ಟಿ ಉದ್ದ ಆಗುತ್ತಿದೆ ಅಂದರೆ ನೀವು ಬಿಚ್ಚಿ ನೋಡುತ್ತಿದ್ದೀರಿ ಅಂತ ಅರ್ಥ. ಬಸವನಗುಡಿಯ ಹಳೇ ಮನೆಗೆ ಕೈ ಹಾಕಿದ ಹಾಗೆ: ನಲ್ಲಿ ಬದಲಿಸಲು ಹೋದರೆ ಪೈಪ್, ಪೈಪ್ ತೆಗೆದರೆ ಗೋಡೆ. ಎಡವಿದ್ದು ಒಂದೇ ಕಡೆ. ಒಳಗೇನಿದೆ ಅಂತ ನೋಡುವ ಮೊದಲೇ ಹೊರಡುವ ತಾರೀಕು ಬರೆದಿರಿ, ಅದರ ಮೇಲೆ ರಜೆ ಬರೆದಿರಿ. ಈಗ ಆ ತಾರೀಕು ನಿಮ್ಮನ್ನು ಎಳೆಯುತ್ತಿದೆ.

ಚೈನ್‌ಪ್ಲೇಟ್ ವಿಷಯಕ್ಕೆ ಬರೋಣ. ನನಗೆ ಅತಿ ಹೆಚ್ಚು ಆತಂಕ ಇರುವುದು ಅದರ ಬಗ್ಗೆಯೇ. ಮಾಸ್ಟ್ ನಿಲ್ಲಿಸುವ ತಂತಿಗಳ ಕೆಳತುದಿ ಕಟ್ಟಿಕೊಳ್ಳುವುದು ಈ ಸ್ಟೇನ್‌ಲೆಸ್ ಪಟ್ಟಿಗಳಿಗೆ. ನಿಮ್ಮ ಕಾಲದ ಬಹಳ ದೋಣಿಗಳಲ್ಲಿ ಇವು ಡೆಕ್ ತೂರಿಕೊಂಡು ಒಳಗಿನ ಗೋಡೆಗೆ ಬೋಲ್ಟ್ ಆಗಿರುತ್ತವೆ. ಡೆಕ್ ಮೇಲಿನ ಭಾಗ ಕನ್ನಡಿ ಥರ ಹೊಳೆಯುತ್ತದೆ. ಒಳಗಿನ ಭಾಗವೂ ಚೆನ್ನಾಗಿಯೇ ಇರಬಹುದು. ಕೆಡುವುದು ನಡುವಿನ ಎರಡು ಮೂರು ಸೆಂಟಿಮೀಟರ್, ಡೆಕ್‌ನ ದಪ್ಪದೊಳಗೆ ಹೂತ ಭಾಗ. ಅಲ್ಲಿ ಉಪ್ಪುನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಸ್ಟೇನ್‌ಲೆಸ್‌ಗೆ ತನ್ನ ರಕ್ಷಣೆಯ ಪದರ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಅದು ಸಿಗದೆ ಹೋದಾಗ ಲೋಹ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಹೊರಗೆ ಕಾಣುವುದು ನೀವು ನೋಡಿದ ಆ ಕಂದು ಕಲೆ ಮಾತ್ರ.

ಕಲೆ ಕಂಡ ಒಂದನ್ನಲ್ಲ, ಎಲ್ಲವನ್ನೂ ಬಿಚ್ಚಿ. ಒಂದು ಸೋರಿದೆ ಅಂದರೆ ಮಿಕ್ಕವೂ ಅದೇ ವಯಸ್ಸಿನವು. ಬಿಚ್ಚಿದ ಮೇಲೆ ತೊಳೆದು, ಎಣ್ಣೆ ಜಿಡ್ಡು ತೆಗೆದು, ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿ. ಮೂರು ಸ್ಪ್ರೇ ಡಬ್ಬಿಯ ಕೆಲಸ ಅದು. ಕೆಂಪು ಬಣ್ಣ ಹೊಡೆದು ಹತ್ತಿಪ್ಪತ್ತು ನಿಮಿಷ ಬಿಡುತ್ತಾರೆ, ಒರೆಸುತ್ತಾರೆ, ಬಿಳಿ ಡೆವಲಪರ್ ಹೊಡೆಯುತ್ತಾರೆ. ಬಿರುಕು ಇದ್ದರೆ ಅದರೊಳಗೆ ಇಳಿದಿದ್ದ ಕೆಂಪು ನಿಧಾನಕ್ಕೆ ಮೇಲೆ ಬರುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ, ಬಹಳ ಸಲ ಬೋಲ್ಟ್ ತೂತಿನ ಅಂಚಿನಿಂದಲೇ ಶುರುವಾಗಿರುತ್ತದೆ. ಬರಿಗಣ್ಣಿಗೆ ಆ ಜಾಗ ನುಣ್ಣಗೆ ಕಾಣುತ್ತಿತ್ತು. ಆ ಗೆರೆಯನ್ನು ನಿಮ್ಮ ಗೆಳೆಯರು ಒಮ್ಮೆ ಕಣ್ಣಾರೆ ನೋಡಲಿ. ಏಪ್ರಿಲ್ ಮಾತು ತಾನಾಗಿ ನಿಲ್ಲುತ್ತದೆ.

ಗೆರೆ ಬರದಿದ್ದರೂ ಈ ವಯಸ್ಸಿನ ಪ್ಲೇಟ್‌ಗಳನ್ನು ನಾನಾದರೆ ವಾಪಸ್ ಹಾಕುವುದಿಲ್ಲ, ಹೊಸದು ಮಾಡಿಸುತ್ತೇನೆ. ಇಲ್ಲಿ ಬೆಂಗಳೂರು ನಿಮಗೆ ದೊಡ್ಡ ವರ. ಪೀಣ್ಯದಲ್ಲಿ ಇಂಥ ಪಟ್ಟಿ ಕತ್ತರಿಸಿ, ಕೊರೆದು, ಪಾಲಿಶ್ ಮಾಡಿಕೊಡುವ ವರ್ಕ್‌ಶಾಪ್‌ಗಳಿಗೆ ಬರವಿಲ್ಲ. ಆದರೆ ಹಳೇ ಪ್ಲೇಟ್ ಕೊಟ್ಟು ‘ಸೇಮ್ ಟು ಸೇಮ್ ಮಾಡಿಕೊಡಿ’ ಅಂತ ಹೇಳಿ ಬರಬೇಡಿ. ಅಳತೆ ಸೇಮ್ ಆಗಿರುತ್ತದೆ, ಲೋಹ ಬೇರೆ ಆಗಿರಬಹುದು. ನಿಮಗೆ ಬೇಕಾದ್ದು 316 ಎಲ್ ದರ್ಜೆ. ಮಾಮೂಲಿಯಾಗಿ ಎಲ್ಲ ಕಡೆ ಓಡುವುದು 304. ಎರಡೂ ನೋಡಲು ಒಂದೇ, ಮ್ಯಾಗ್ನೆಟ್ ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿಗೆ ತಡೆಯುವುದು ಅದರಿಂದ. ಶೀಟ್‌ನ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಜೊತೆಗೆ ಲೋಹ ಪರೀಕ್ಷೆಯ ಲ್ಯಾಬ್‌ನಲ್ಲಿ ಒಂದು ತುಂಡು ತೋರಿಸಿ. ಗನ್‌ನಂಥ ಯಂತ್ರ ಹಿಡಿದು ಅಲ್ಲೇ ಹೇಳಿಬಿಡುತ್ತಾರೆ. ಎಸ್‌.ಪಿ. ರೋಡ್‌ನಲ್ಲಿ ಬೋಲ್ಟ್ ಕೊಳ್ಳುವಾಗ ತಲೆಯ ಮೇಲಿನ ಗುರುತು ಓದಿ. ಎ2 ಅಂತಿದ್ದರೆ ಅದು 304ರ ಗುಂಪು, ಬಿಡಿ. ಎ4 ಅಂತಿದ್ದರೆ ತೆಗೆದುಕೊಳ್ಳಿ. ಅಂಗಡಿಯವರು ‘ಎರಡೂ ಎಸ್‌.ಎಸ್‌. ಸಾರ್, ಏನೂ ಆಗಲ್ಲ’ ಅಂತ ಹೇಳುತ್ತಾರೆ. ಅವರಿಗೆ ಗೊತ್ತಿರುವುದು ಗೇಟು, ಗ್ರಿಲ್ಲು. ಇದು ಸಮುದ್ರಕ್ಕೆ ಹೋಗುವ ವಸ್ತು.

ಮಾಸ್ಟ್‌ನ ತಂತಿ ಮಾತ್ರ ಇಲ್ಲಿ ಸಿಕ್ಕಿದ್ದನ್ನು ಹಾಕಬೇಡಿ, ತರಿಸಿದ್ದೇ ಬರಲಿ. ಕಸ್ಟಮ್ಸ್ ವಿಷಯದಲ್ಲಿ ಕಾಗದ ಪೂರ್ತಿ ಇಟ್ಟು ಬೆನ್ನು ಹತ್ತುವುದು ಬಿಟ್ಟು ಬೇರೆ ದಾರಿ ಇಲ್ಲ. ಮುಂದೆ ಏನೇ ತರಿಸುವುದಿದ್ದರೂ ಬರಲು ತಿಂಗಳು ಹಿಡಿಯುವ ವಸ್ತುಗಳನ್ನು ಎಲ್ಲಕ್ಕಿಂತ ಮೊದಲು ಆರ್ಡರ್ ಮಾಡಿ. ಆ ಕೆಲಸಕ್ಕೆ ಇನ್ನೂ ಕೈ ಹಾಕಿರದಿದ್ದರೂ ಪರವಾಗಿಲ್ಲ.

ಪ್ಲೇಟ್ ಬಿಚ್ಚಿದಾಗ ಡೆಕ್‌ನ ತೂತಿನೊಳಗೆ ಬೆರಳು ಹಾಕಿ ನೋಡಿ. ಎರಡು ಪದರ ಫೈಬರ್ ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರ ಇರುತ್ತದೆ. ಒದ್ದೆ ಇದ್ದರೆ, ಕಪ್ಪಾಗಿ ಮೆತ್ತಗೆ ಕೈಗೆ ಬಂದರೆ, ಗಟ್ಟಿ ಮರ ಸಿಗುವವರೆಗೆ ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಬೇಕು. ಆಮೇಲೆ ಅದರ ಮಧ್ಯೆ ಹೊಸ ತೂತು. ಹೀಗೆ ಮಾಡಿದರೆ ಮುಂದೆ ಸೀಲ್ ಸೋರಿದರೂ ನೀರು ಮರವನ್ನು ಮುಟ್ಟುವುದಿಲ್ಲ. ಒಣಗುವುದಕ್ಕೆ ಬಿಸಿಲು ಬೇಕು. ಜೂನ್ ಒಂದರ ಸುಮಾರಿಗೆ ಕೇರಳಕ್ಕೆ ಮಳೆ ಇಳಿದ ಮೇಲೆ ಈ ಕೆಲಸ ಆಗದು.

ಈಗ ಎಂಜಿನ್. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿಯಾಗುತ್ತಿದೆ ಅಂದಾಗ ನಾನು ಮೊದಲು ಕೇಳುವುದು ಒಂದೇ: ಹಳೇ ಇಂಪೆಲ್ಲರ್ ಇಟ್ಟಿದ್ದೀರಾ? ಅದರ ರಬ್ಬರ್ ರೆಕ್ಕೆಗಳನ್ನು ಎಣಿಸಿ. ಒಂದೆರಡು ಮುರಿದು ಹೋಗಿದ್ದರೆ ಆ ತುಂಡುಗಳು ಎಲ್ಲಿಗೆ ಹೋದವು? ನೀರಿನ ಜೊತೆ ಮುಂದೆ ಹೋಗಿ, ಎಂಜಿನ್ ತಂಪು ಮಾಡುವ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳ ಬಾಯಿಗೆ ಕೂತಿರುತ್ತವೆ. ಹೊಸ ಇಂಪೆಲ್ಲರ್ ಎಷ್ಟು ತಳ್ಳಿದರೂ ದಾರಿ ಮುಚ್ಚಿದೆ. ಅದರ ಮುಚ್ಚಳ ಬಿಚ್ಚಿ, ತುಂಡುಗಳು ಪೂರ್ತಿ ಲೆಕ್ಕ ಸಿಗುವವರೆಗೆ ಹುಡುಕಿ. ಸಿಗದಿದ್ದರೆ ಮುಂದಿನ ಅನುಮಾನ ಎಕ್ಸಾಸ್ಟ್ ಎಲ್ಬೋ. ಹೊಗೆಗೆ ಸಮುದ್ರದ ನೀರು ಸೇರುವ ಆ ಮೂಲೆಯಲ್ಲಿ ಮಸಿ ಮತ್ತು ಉಪ್ಪು ಗಟ್ಟಿಯಾಗಿ ಕಟ್ಟಿಕೊಂಡು ಬೆರಳು ತೂರುವಷ್ಟೇ ಜಾಗ ಉಳಿದಿರುತ್ತದೆ. ಎರಡು ವರ್ಷ ಹಿನ್ನೀರಿನಲ್ಲಿ ನಿಂತ ದೋಣಿ ಅಲ್ವಾ, ನೀರು ಎಳೆಯುವ ತೂತಿನಲ್ಲಿ ಚಿಪ್ಪು ಬೆಳೆದಿದೆಯಾ ಅಂತಲೂ ನೋಡಿ.

ರಿಪೇರಿ ಆದ ಮೇಲೆ ಸುಮ್ನೆ ಐಡಲ್‌ನಲ್ಲಿ ಹತ್ತು ನಿಮಿಷ ಓಡಿಸಿ ‘ಸರಿಹೋಯ್ತು’ ಅನ್ನಬೇಡಿ. ದೋಣಿಯನ್ನು ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ, ಮುಕ್ಕಾಲು ಪಾಲು ವೇಗದಲ್ಲಿ ಗಂಟೆಗಟ್ಟಲೆ ಓಡಿಸಿ. ಡೀಸೆಲ್ ಟ್ಯಾಂಕಿನ ತಳದ ನೀರು, ಪಾಚಿಯಂಥ ಕೆಸರು ಪೂರ್ತಿ ತೆಗೆಸಿ. ನಿಂತ ನೀರಿನಲ್ಲಿ ಅದು ತಳದಲ್ಲೇ ಇರುತ್ತದೆ. ಮೊದಲ ದಿನ ಅಲೆ ಎದ್ದಾಗ ಕಲಕಿ ಮೇಲೆ ಬಂದು ಫಿಲ್ಟರ್ ಕಟ್ಟಿಸುತ್ತದೆ. ಎಂಜಿನ್ ನಿಲ್ಲುವುದು ಆಗ, ನಿಮಗೆ ಅದು ಅತಿ ಹೆಚ್ಚು ಬೇಕಾದ ಹೊತ್ತಿಗೆ.

ಪಟ್ಟಿಯನ್ನು ಹೇಗೆ ಚಿಕ್ಕದು ಮಾಡುವುದು? ಪ್ರತಿ ಕೆಲಸದ ಎದುರು ಒಂದು ಪ್ರಶ್ನೆ ಬರೆಯಿರಿ: ಇದು ಕೆಟ್ಟರೆ ದೋಣಿ ಮುಳುಗುತ್ತದಾ, ಮಾಸ್ಟ್ ಬೀಳುತ್ತದಾ, ಚುಕ್ಕಾಣಿ ಹೋಗುತ್ತದಾ? ಹೌದು ಅಂತ ಬಂದವು ಮುಗಿಯದೆ ಹಗ್ಗ ಬಿಚ್ಚುವಂತಿಲ್ಲ. ಚೈನ್‌ಪ್ಲೇಟ್, ತಂತಿ, ಚುಕ್ಕಾಣಿಯ ಬೇರಿಂಗ್, ಮತ್ತು ನೀರಿನ ಮಟ್ಟದ ಕೆಳಗಿರುವ ವಾಲ್ವ್‌ಗಳು ಈ ಗುಂಪಿನಲ್ಲಿ ಬರುತ್ತವೆ. ವಾಲ್ವ್ ಬಗ್ಗೆ ಉಡಾಫೆ ಬೇಡ. ನೀರಿನಿಂದ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ತೂತು ತೆರೆದುಕೊಂಡರೆ ನಿಮಿಷಕ್ಕೆ 100 ಲೀಟರ್‌ಗೂ ಜಾಸ್ತಿ ನೀರು ಒಳಗೆ ಬರುತ್ತದೆ. ಹಿತ್ತಾಳೆಯ ವಾಲ್ವ್ ಇದ್ದು, ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದರೊಳಗಿನ ಸತುವು ಕರಗಿಹೋಗಿದೆ. ಅದನ್ನು ಕೈಯಲ್ಲೇ ಮುರಿಯಬಹುದು. ಕಂಚಿನದು ಹಾಕಿಸಿ. ಫ್ರಿಜ್ಜು, ಒಳಗಿನ ವಾರ್ನಿಶ್, ಹೊಸ ಕುಶನ್, ಸಮುದ್ರದ ನಕ್ಷೆ ತೋರಿಸುವ ಎರಡನೇ ಚಾರ್ಟ್‌ಪ್ಲಾಟರ್, ಇವನ್ನು ಪಟ್ಟಿಯಿಂದ ಹೊಡೆದುಹಾಕಿ. ಅವಿಲ್ಲದೆಯೂ ಸೇಶೆಲ್ಸ್ ಸಿಗುತ್ತದೆ. ನಮ್ಮ ಸೇನೆಯ ಎಂಜಿನಿಯರ್ ಕೋರ್‌ನವರ ‘ತೃಷ್ಣಾ’ 37 ಅಡಿಯ ದೋಣಿ. 1985ರಲ್ಲಿ ಮುಂಬೈ ಬಿಟ್ಟು 1987ರಲ್ಲಿ ಭೂಮಿ ಸುತ್ತಿ ಬಂತು. ನಿಮ್ಮ ದೋಣಿಯ ಅಳತೆಯಲ್ಲಿ ಕೊರತೆ ಏನೂ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸುತ್ತೇನೆ. ದೋಣಿಯ ಜೊತೆ ಹಳೇ ಮಾಲೀಕರ ಇಪಿರ್ಬ್ ಬಂದಿರಬೇಕು, ಅಪಾಯ ಆದಾಗ ಉಪಗ್ರಹಕ್ಕೆ ಕೂಗು ಕಳಿಸುವ ಪೆಟ್ಟಿಗೆ. ಅದರೊಳಗೆ ಅವರ ದೇಶದ ಕೋಡ್ ಇದೆ. ನೀವು ಒತ್ತಿದರೆ ಅಲ್ಲಿಯ ದಾಖಲೆ ತೆಗೆದು ಅವರ ಮನೆಗೆ ಫೋನ್ ಹೋಗುತ್ತದೆ. ಅವರು ‘ನಾವು ಆರಾಮವಾಗಿದ್ದೇವೆ’ ಅನ್ನುತ್ತಾರೆ. ಕೋಡ್ ಬದಲಿಸಿ, ನಿಮ್ಮ ಹೆಸರು, ಮನೆಯವರ ನಂಬರ್ ಹಾಕಿ ನಮ್ಮಲ್ಲಿ ನೋಂದಣಿ ಮಾಡಿಸಿ. ಭಾರತದಲ್ಲಿ ಈ ಕೂಗನ್ನು ಕೇಳುವ ಕೇಂದ್ರ ಇರುವುದು ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ಮಾಸ್ಟ್ ಮುರಿದು, ಬೆನ್ನಿಗೆ ಪೆಟ್ಟಾಗಿ ಅಲ್ಲಾಡಲಾಗದೆ ಮಲಗಿದ್ದಾಗ ಅವರನ್ನು ಮುಟ್ಟಲು ಮೂರು ದಿನ ಬೇಕಾಯಿತು. ಅವರು ಎಲ್ಲಿದ್ದಾರೆ ಅಂತ ಗೊತ್ತಿದ್ದೂ ಅಷ್ಟು ದಿನ. ಇನ್ನೊಂದು ಮಾತು: ಯಾರೋ ಹೇಳಿದರು ಅಂತ ಇರಿಡಿಯಮ್ ಅಥವಾ ತುರಾಯಾ ಸ್ಯಾಟಲೈಟ್ ಫೋನ್ ತಂದು ಇಟ್ಟುಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಭಾರತದಲ್ಲಿ ಅದು ಅಪರಾಧ.

ಎಲ್ಲ ಮುಗಿದ ಮೇಲೂ ನೇರ ಸೇಶೆಲ್ಸ್‌ಗೆ ಹೊರಡಬೇಡಿ. ನವೆಂಬರ್‌ನಲ್ಲಿ ಹವಾಮಾನ ನೋಡಿಕೊಂಡು, ಬಂದರಿನವರಿಗೂ ಕೋಸ್ಟ್ ಗಾರ್ಡ್‌ಗೂ ತಿಳಿಸಿ, ಎರಡು ರಾತ್ರಿ ಹೊರಗಿದ್ದು ಬನ್ನಿ. ಅಡುಗೆ ಅಲ್ಲೇ, ನಿದ್ದೆ ಪಾಳಿಯಲ್ಲಿ, ಕತ್ತಲಲ್ಲಿ ಹಾಯಿ ಇಳಿಸುವುದು, ಲೈಟಿಲ್ಲದ ಮೀನು ಬಲೆ ತಪ್ಪಿಸುವುದು, ಎಲ್ಲ ಆಗಲಿ. ಬಂದರಿನಲ್ಲಿ ಆರು ತಿಂಗಳು ಹುಡುಕಿದರೂ ಸಿಗದ ಸೋರಿಕೆ ಒಂದೇ ರಾತ್ರಿಯಲ್ಲಿ ಸಿಗುತ್ತದೆ. ನೌಕಾಪಡೆಯ ಕಮಾಂಡರ್ ದಿಲೀಪ್ ದೋಂಡೆ 2009ರ ಆಗಸ್ಟ್‌ನಲ್ಲಿ ‘ಮ್ಹಾದೇಯಿ’ಯಲ್ಲಿ ಒಬ್ಬರೇ ಭೂಮಿ ಸುತ್ತಲು ಹೊರಡುವ ಮೊದಲು ಮಾರಿಷಸ್‌ಗೆ ಹೋಗಿ ಬಂದಿದ್ದರು. ಅದು ಗೋವಾದಲ್ಲಿ ಈ ಕೆಲಸಕ್ಕೆಂದೇ ಕಟ್ಟಿದ ಹೊಚ್ಚ ಹೊಸ ದೋಣಿ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿದ ‘ತಾರಿಣಿ’ ಕೂಡ ಹಾಗೆಯೇ ಕಟ್ಟಿದ್ದು. ಅದೂ 2018ರ ಏಪ್ರಿಲ್‌ನಲ್ಲಿ ಸ್ಟೀರಿಂಗ್ ಕೆಟ್ಟು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಯಿತು. ಅವರು ನಿಂತರು, ಸರಿಮಾಡಿಕೊಂಡರು, ಮೇನಲ್ಲಿ ಗೋವಾ ಮುಟ್ಟಿದರು. ನಿಂತದ್ದಕ್ಕೆ ಯಾರೂ ಅವರನ್ನು ಕಡಿಮೆ ಅಂದುಕೊಳ್ಳಲಿಲ್ಲ.

ಡಿಸೆಂಬರ್ ಮೊದಲ ವಾರಕ್ಕೂ ಆತುರ ಬೇಡ. 2017ರ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ, ಇದೇ ಕೇರಳ–ಲಕ್ಷದ್ವೀಪದ ಮೇಲೆ. ಜನವರಿ ಅಂದರೆ ಜನವರಿ.

ಇನ್ನು ಮಳೆಗಾಲ. ದೋಣಿ ರಿಪೇರಿಯ ಯಾರ್ಡ್‌ಗೆ ಈ ವಾರವೇ ಫೋನ್ ಮಾಡಿ. ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ ಟ್ರಾಲ್ ಬೋಟ್‌ಗಳಿಗೆ ನಿಷೇಧ. ಮೀನುಗಾರರು ರಿಪೇರಿಗೆ ದೋಣಿ ಎಳೆಯುವುದು ಆಗಲೇ. ಅವರ ವರ್ಷದ ಅನ್ನ ಅದು, ಯಾರ್ಡ್‌ನವರು ಮೊದಲು ಜಾಗ ಕೊಡುವುದು ಅವರಿಗೇ, ಅದು ನ್ಯಾಯವೂ ಹೌದು. ನೀವು ಏಪ್ರಿಲ್‌ನಲ್ಲೇ ದೋಣಿ ಮೇಲೆ ಎಳೆಸಿ. ಹೇಗೂ ತಂತಿ ಬದಲಿಸಬೇಕು, ಮಾಸ್ಟ್ ಇಳಿಸಿ ಮಲಗಿಸಿ. ಗಾಳಿಗೆ ಸಿಗುವ ಎತ್ತರವೂ ಕಡಿಮೆ ಆಗುತ್ತದೆ. ಹಾಯಿಗಳನ್ನು ತೊಳೆದು ಒಣಗಿಸಿ ಬೆಂಗಳೂರಿಗೆ ತಂದುಬಿಡಿ, ಕೊಚ್ಚಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ.

ಕೊನೆಗೆ ರಜೆ ಹಾಕಿದ ನಿಮ್ಮ ಗೆಳೆಯನ ಮಾತು. ಅವರ ರಜೆ ಹಾಳಾಯಿತು ಅಂತ ಮೂವರೂ ಒಳಗೇ ಕೊರಗುತ್ತಿದ್ದೀರಿ, ಏಪ್ರಿಲ್‌ನ ಹಟಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕೂತು ಬಾಯಿಬಿಟ್ಟು ಮಾತಾಡಿ. ಡೆಕ್ ಒಣಗಿಸಿ ಎಪಾಕ್ಸಿ ತುಂಬಲು ಬೇಕಾದ ಬಿಸಿಲಿನ ವಾರಗಳು ಏಪ್ರಿಲ್, ಮೇ. ಅವರ ರಜೆ ಇರುವುದೂ ಅಲ್ಲಿಯವರೆಗೆ. ಅವರು ಕೊಚ್ಚಿಯಲ್ಲಿ ಇದ್ದು ಆ ಕೆಲಸ, ಎಂಜಿನ್ ಬಿಚ್ಚುವ ಕೆಲಸ ತಮ್ಮ ಕೈಯಾರೆ ಮಾಡಲಿ. ಸಮುದ್ರದ ಮಧ್ಯೆ ಎಂಜಿನ್ ನಿಂತಾಗ ಯಾವ ನಟ್ ಎಲ್ಲಿದೆ ಅಂತ ಗೊತ್ತಿರುವವರು ಒಬ್ಬರಾದರೂ ಬೇಕು. ಜನವರಿಯಲ್ಲಿ ಪೂರ್ತಿ ರಜೆ ಸಿಗದಿದ್ದರೆ ಕೊಚ್ಚಿ–ಉಲಿಗನ್ ಹಂತಕ್ಕಾದರೂ ಅವರನ್ನು ಕರೆದುಕೊಂಡು ಹೋಗಿ, ಅದು ಎರಡು ಮೂರು ದಿನದ ದಾರಿ. ನೀವಿಬ್ಬರು ವಾರಾಂತ್ಯಕ್ಕೆ ಪೀಣ್ಯದ ಕೆಲಸ ನೋಡಿಕೊಳ್ಳಿ. ಡೈ ಪರೀಕ್ಷೆ ಆದ ಮೇಲೆ ಪ್ಲೇಟ್‌ಗಳ ಎರಡೂ ಬದಿಯ ಫೋಟೋ ಮತ್ತು ಹಳೇ ಇಂಪೆಲ್ಲರ್‌ನ ಫೋಟೋ ಕಳಿಸಿ. ಅವನ್ನು ನೋಡಿ ಮುಂದಿನದು ಬರೆಯುತ್ತೇನೆ.